ಹಳೆಯ ವಿಡಿಯೋ ಗೇಮ್‌ಗಳನ್ನು ಗುರುತಿಸಿ, ಬೆಲೆ ಕಟ್ಟಿ, ಕಾಪಾಡುವ ಬಗೆ: ಸಮಗ್ರ ಮಾರ್ಗದರ್ಶಿ

2021ರ ಜುಲೈ 11ರಂದು ಅಮೆರಿಕದ ಹೆರಿಟೇಜ್ ಆಕ್ಷನ್ಸ್ ನಡೆಸಿದ ಹರಾಜಿನಲ್ಲಿ ‘ಸೂಪರ್ ಮಾರಿಯೋ 64’ ಆಟದ ಒಂದು ಪ್ರತಿ 15.6 ಲಕ್ಷ ಡಾಲರಿಗೆ ಮಾರಾಟವಾಯಿತು. ಅದಕ್ಕೆ ಎರಡು ದಿನ ಮೊದಲು ‘ದಿ ಲೆಜೆಂಡ್ ಆಫ್ ಝೆಲ್ಡಾ’ ಆಟದ ಆರಂಭದ ಮುದ್ರಣದ ಪ್ರತಿಯೊಂದಕ್ಕೆ 8.7 ಲಕ್ಷ ಡಾಲರ್ ಬಂದಿತ್ತು. ಇಂಥ ಸುದ್ದಿ ಓದಿದವರಿಗೆ ಅಟ್ಟದ ಮೇಲಿರುವ ತಮ್ಮ ಕ್ಯಾಸೆಟ್‌ಗಳು ನೆನಪಾಗುವುದು ಸಹಜ. ಆದರೆ ಆ ಎರಡೂ ಪ್ರತಿಗಳು ಕಾರ್ಖಾನೆಯ ಸೀಲ್ ಒಡೆಯದೆ ಉಳಿದಂಥವು, ಅಂದರೆ ಯಾರೂ ಎಂದೂ ಆಡದಂಥವು ಎಂಬುದನ್ನು ಗಮನಿಸಬೇಕು. ನಮ್ಮ ಮನೆಯ ಕ್ಯಾಸೆಟ್ ಅಣ್ಣತಮ್ಮಂದಿರು, ಓಣಿಯ ಗೆಳೆಯರೆಲ್ಲ ಬೇಸಿಗೆ ರಜೆಯುದ್ದಕ್ಕೂ ಆಡಿ ಸವೆಸಿದ್ದು.

ಹಳೆಯ ಆಟಕ್ಕೆ ಎರಡು ಬೆಲೆಗಳಿವೆ. ಒಂದು ಮಾರುಕಟ್ಟೆಯ ಬೆಲೆ. ಅದು ಅಪರೂಪ, ಸ್ಥಿತಿ ಮತ್ತು ಪೂರ್ಣತೆಯ ಮೇಲೆ ನಿಲ್ಲುತ್ತದೆ. ಇನ್ನೊಂದು ನೆನಪಿನ ಬೆಲೆ. ಅದು ಆಟ ಇಂದಿಗೂ ಓಡುತ್ತದೆಯೇ, ಅದರಲ್ಲಿ ನಮ್ಮ ಕೈಗುರುತು ಉಳಿದಿದೆಯೇ ಎಂಬುದರ ಮೇಲೆ ನಿಲ್ಲುತ್ತದೆ. ಇವೆರಡನ್ನೂ ಒಂದೇ ಲೆಕ್ಕದಲ್ಲಿ ಬೆರೆಸಿದವರು ನೆನಪಿಗಾಗಿ ಬೇಕಿದ್ದ ವಸ್ತುವಿಗೆ ಹೂಡಿಕೆಯ ಬೆಲೆ ತೆರುತ್ತಾರೆ, ಇಲ್ಲವೇ ಮತ್ತೆಂದೂ ಸಿಗದ ವಸ್ತುವನ್ನು ಗುಜರಿಗೆ ಕೊಡುತ್ತಾರೆ. ಈ ಮಾರ್ಗದರ್ಶಿಯುದ್ದಕ್ಕೂ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿಯೇ ಇಟ್ಟಿದ್ದೇನೆ.

ಮೊದಲ ಹಂತ: ಕೈಯಲ್ಲಿರುವುದು ಏನೆಂದು ಗುರುತಿಸಿ

ಕರ್ನಾಟಕದ ಮನೆಗಳಲ್ಲಿ ಸಿಗುವ ತೊಂಬತ್ತರ ದಶಕದ ಟಿವಿ ಗೇಮ್‌ಗಳಲ್ಲಿ ಬಹುಪಾಲು ನಿಂಟೆಂಡೋ ಕಂಪನಿಯ ಫ್ಯಾಮಿಕಾಮ್ ಯಂತ್ರದ ತದ್ರೂಪುಗಳು. ಮೂಲ ಫ್ಯಾಮಿಕಾಮ್ ಜಪಾನಿನಲ್ಲಿ 1983ರ ಜುಲೈ 15ರಂದು ಬಿಡುಗಡೆಯಾಯಿತು. ಅದೇ ಯಂತ್ರ ಬೇರೆ ರೂಪ ತಾಳಿ 1985ರಲ್ಲಿ ಎನ್‌ಇಎಸ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ಭಾರತದಲ್ಲಿ ನಾವು ಕಂಡದ್ದು ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್ ಮುಂತಾದ ಹೆಸರಿನ ಯಂತ್ರಗಳನ್ನು. ಕೊಲ್ಲಿ ದೇಶಗಳಲ್ಲಿ ದುಡಿಯುವ ನೆಂಟರಿದ್ದ ಕರಾವಳಿಯ ಮನೆಗಳಲ್ಲಿ ಅಲ್ಲಿಂದ ಬಂದ ಅಸಲಿ ಯಂತ್ರಗಳೂ ಆಗೊಮ್ಮೆ ಈಗೊಮ್ಮೆ ಸಿಗುತ್ತವೆ. ಹಾಗಾಗಿ ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಹಳೆಯ ಪೆಟ್ಟಿಗೆಗಳನ್ನು ಸ್ವಲ್ಪ ಹೆಚ್ಚು ಎಚ್ಚರದಿಂದ ನೋಡಬೇಕು.

ಕ್ಯಾಸೆಟ್ಟಿನ ಕೆಳಗಿನ ಸಂಪರ್ಕ ಪಟ್ಟಿಯಲ್ಲಿರುವ ಪಿನ್‌ಗಳನ್ನು ಎಣಿಸಿ. ಅರವತ್ತಿದ್ದರೆ ಫ್ಯಾಮಿಕಾಮ್ ಬಗೆಯದು, ಎಪ್ಪತ್ತೆರಡಿದ್ದರೆ ಎನ್‌ಇಎಸ್ ಬಗೆಯದು. ಎಣಿಸಲು ಕಷ್ಟವಾದರೆ ಆಕಾರವೇ ಹೇಳುತ್ತದೆ: ಫ್ಯಾಮಿಕಾಮ್ ಕ್ಯಾಸೆಟ್ ಸುಮಾರು 11 ಸೆಂ.ಮೀ. ಅಗಲ, 7 ಸೆಂ.ಮೀ. ಎತ್ತರ ಇರುತ್ತದೆ; ಎನ್‌ಇಎಸ್ ಕ್ಯಾಸೆಟ್ ಬೂದು ಬಣ್ಣದ್ದು, ಅದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರ. ಅಸಲಿ ಫ್ಯಾಮಿಕಾಮ್ ಯಂತ್ರದ ಎರಡೂ ಕಂಟ್ರೋಲರ್‌ಗಳ ವೈರುಗಳು ಯಂತ್ರಕ್ಕೇ ಶಾಶ್ವತವಾಗಿ ಜೋಡಿಸಲ್ಪಟ್ಟಿರುತ್ತವೆ. ಎರಡನೆಯದರಲ್ಲಿ ಸ್ಟಾರ್ಟ್ ಮತ್ತು ಸೆಲೆಕ್ಟ್ ಗುಂಡಿಗಳ ಬದಲು ಒಂದು ಪುಟ್ಟ ಮೈಕ್ ಇರುತ್ತದೆ. ಹಲವು ತದ್ರೂಪು ಯಂತ್ರಗಳ ಕಂಟ್ರೋಲರ್‌ಗಳನ್ನು ಬಿಚ್ಚಿ ತೆಗೆಯಬಹುದು, ಮತ್ತು ಅವುಗಳಲ್ಲಿ ಟರ್ಬೋ ಗುಂಡಿಗಳೂ (ಒತ್ತಿಹಿಡಿದರೆ ತಾನಾಗಿ ಪದೇ ಪದೇ ಒತ್ತಿದಂತೆ ಕೆಲಸ ಮಾಡುವವು) ಇರುತ್ತವೆ.

ನಮ್ಮ ಬಹುತೇಕ ಕ್ಯಾಸೆಟ್‌ಗಳು ಪರವಾನಗಿ ಇಲ್ಲದೆ ತಯಾರಾದ ಮಲ್ಟಿ ಗೇಮ್ ಕ್ಯಾಸೆಟ್‌ಗಳು. ಲೇಬಲ್ಲಿನಲ್ಲಿ ‘9999 ಇನ್ 1’ ಎಂದಿದ್ದರೂ ಒಳಗೆ ನಿಜವಾಗಿ ಬೇರೆಬೇರೆಯಾದ ಆಟಗಳು ಬೆರಳೆಣಿಕೆಯಷ್ಟೇ ಇರುತ್ತವೆ. ಉಳಿದದ್ದು ಅವೇ ಆಟಗಳು ಬೇರೆ ಹಂತದಿಂದ ಶುರುವಾಗುವಂತೆ ಮಾಡಿದ ಪುನರಾವರ್ತನೆ. ಇವುಗಳಿಗೆ ಜಾಗತಿಕ ಮಾರುಕಟ್ಟೆಯಲ್ಲಿ ಹೇಳಿಕೊಳ್ಳುವಂಥ ಬೆಲೆಯಿಲ್ಲ. ಹಾಗೆಂದು ಇವನ್ನು ಎಸೆಯಬೇಡಿ. ‘ಬ್ಯಾಟಲ್ ಸಿಟಿ’ಯನ್ನು ನಾಮ್ಕೋ ಕಂಪನಿ 1985ರಲ್ಲಿ ಫ್ಯಾಮಿಕಾಮ್‌ಗೆ ತಂದಿತು, ಅದು ಎನ್‌ಇಎಸ್ ಆಟವಾಗಿ ಉತ್ತರ ಅಮೆರಿಕದಲ್ಲಿ ಅಧಿಕೃತವಾಗಿ ಬಿಡುಗಡೆಯಾಗಲೇ ಇಲ್ಲ. ಇಟ್ಟಿಗೆ ಗೋಡೆಯ ನಡುವೆ ಹದ್ದಿನ ಚಿಹ್ನೆಯನ್ನು ಕಾಯುತ್ತ ಇಬ್ಬರು ಟ್ಯಾಂಕ್ ಓಡಿಸಿದ ಆ ಅನುಭವ ಇಲ್ಲಿನ ಒಂದು ಇಡೀ ಪೀಳಿಗೆಗೆ ದಕ್ಕಿದ್ದು ಈ ಅಗ್ಗದ ಕ್ಯಾಸೆಟ್‌ಗಳಿಂದ. ನಮ್ಮಲ್ಲಿ ವಿಡಿಯೋ ಗೇಮ್ ಹೇಗೆ ಹರಡಿತು ಎಂಬುದಕ್ಕೆ ಅವೇ ಸಾಕ್ಷಿ, ಮತ್ತು ಅವುಗಳನ್ನು ಜೋಪಾನ ಮಾಡುವ ಸಂಸ್ಥೆ ಯಾವುದೂ ಮುಂದೆ ಬಂದಂತೆ ಕಾಣದಿರುವುದರಿಂದ ಆ ಕೆಲಸ ಸಂಗ್ರಾಹಕರ ಮೇಲೆಯೇ ಬೀಳುತ್ತದೆ.

ಎರಡನೆಯ ಹಂತ: ಬೆಲೆ ಹುಟ್ಟುವುದು ಎಲ್ಲಿಂದ ಎಂದು ತಿಳಿಯಿರಿ

ಹಳೆಯದಾದ ಮಾತ್ರಕ್ಕೆ ಯಾವುದೂ ದುಬಾರಿಯಾಗುವುದಿಲ್ಲ. ‘ಸೂಪರ್ ಮಾರಿಯೋ ಬ್ರದರ್ಸ್’ ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆಟ. ಅದರ ಬಿಡಿ ಕ್ಯಾಸೆಟ್ ಇಂದಿಗೂ ಸುಲಭವಾಗಿ, ಕಡಿಮೆ ಬೆಲೆಗೆ ಸಿಗುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆ ‘ಸ್ಟೇಡಿಯಂ ಈವೆಂಟ್ಸ್’. ಬಂಡಾಯ್ ಕಂಪನಿ 1987ರಲ್ಲಿ ಅಮೆರಿಕದಲ್ಲಿ ತಂದ ಈ ಓಟದ ಆಟವನ್ನು ಕಾಲಿನಿಂದ ತುಳಿಯುವ ಚಾಪೆಯ ಮೇಲೆ ಆಡಬೇಕಿತ್ತು. ಸ್ವಲ್ಪ ಕಾಲದಲ್ಲೇ ನಿಂಟೆಂಡೋ ಆ ಚಾಪೆಯ ಹಕ್ಕನ್ನು ಕೊಂಡು ಆಟವನ್ನು ‘ವರ್ಲ್ಡ್ ಕ್ಲಾಸ್ ಟ್ರ್ಯಾಕ್ ಮೀಟ್’ ಎಂಬ ಹೊಸ ಹೆಸರಿನಲ್ಲಿ ತಂದಿತು. ಹೀಗಾಗಿ ಒಂದೇ ಆಟದ ಹೊಸ ಹೆಸರಿನ ಪ್ರತಿ ಅಗ್ಗ, ಹಳೆಯ ಹೆಸರಿನ ಅಮೆರಿಕದ ಪ್ರತಿ ಅತಿ ಅಪರೂಪ. 1990ರ ‘ನಿಂಟೆಂಡೋ ವರ್ಲ್ಡ್ ಚಾಂಪಿಯನ್‌ಶಿಪ್ಸ್’ ಸ್ಪರ್ಧೆಯ ಕ್ಯಾಸೆಟ್ ಕೂಡ ಹೀಗೆಯೇ: ಬೂದು ಬಣ್ಣದವು 90, ಚಿನ್ನದ ಬಣ್ಣದವು 26 ಮಾತ್ರ ಹಂಚಿಕೆಯಾದವು.

ಕೆಲವೊಮ್ಮೆ ಕೆಟ್ಟ ಆಟವೂ ಅದರ ಕಥೆಯಿಂದಾಗಿ ಬೆಲೆ ಗಳಿಸುತ್ತದೆ. ಅಟಾರಿ ಕಂಪನಿ 1983ರಲ್ಲಿ ನ್ಯೂ ಮೆಕ್ಸಿಕೋದ ಆಲಮೊಗೋರ್ಡೊ ಊರಿನ ಕಸದ ಗುಂಡಿಯಲ್ಲಿ ಮಾರಾಟವಾಗದ ಕ್ಯಾಸೆಟ್‌ಗಳನ್ನು ಹೂತುಹಾಕಿತ್ತು. 2014ರ ಏಪ್ರಿಲಿನಲ್ಲಿ ಅಗೆದಾಗ ‘ಇ.ಟಿ.’ ಆಟದ ಪ್ರತಿಗಳೂ ಸೇರಿ ಸುಮಾರು 1,300 ಕ್ಯಾಸೆಟ್‌ಗಳನ್ನು ಹೊರತೆಗೆದರು. ನಜ್ಜುಗುಜ್ಜಾಗಿ ವಾಸನೆ ಹಿಡಿದಿದ್ದರೂ ಅವುಗಳಲ್ಲಿ ಹಲವು ನೂರು ಕ್ಯಾಸೆಟ್‌ಗಳು ಹರಾಜಿನಲ್ಲಿ ಒಟ್ಟು ಒಂದು ಲಕ್ಷ ಡಾಲರಿಗೂ ಹೆಚ್ಚು ತಂದವು. ಅದೇ ಆಟದ ಶುಭ್ರವಾದ ಪ್ರತಿ ಇಂದಿಗೂ ಅಗ್ಗ. ಆ ಖರೀದಿದಾರರು ಹಣ ಕೊಟ್ಟದ್ದು ಗುಂಡಿಯಿಂದ ಬಂದದ್ದು ಎಂಬ ದೃಢೀಕರಣಕ್ಕೆ. ಹಾಗಾಗಿ ನಿಮ್ಮ ವಸ್ತು ಎಲ್ಲಿಂದ ಬಂತು ಎಂಬುದಕ್ಕೆ ರಸೀದಿ, ಹಳೆಯ ಫೋಟೋ, ಅಂಗಡಿಯ ಚೀಟಿ ಏನಿದ್ದರೂ ಜೊತೆಗೇ ಇಡಿ.

ಭಾರತದ ಸಂಗ್ರಾಹಕರಿಗೆ ನನ್ನ ಶಿಫಾರಸು ಬೇರೆಯೇ ಇದೆ. ಅಮೆರಿಕದವರ ಬಾಲ್ಯದ ವಸ್ತುಗಳನ್ನು ಡಾಲರ್ ಕೊಟ್ಟು ತರಿಸುವುದಕ್ಕಿಂತ ಪ್ಲೇಸ್ಟೇಷನ್ 2 ಕಾಲದ ಭಾರತೀಯ ಆಟಗಳನ್ನು ಹುಡುಕಿ. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ತಯಾರಿಸಿದ ‘ಹನುಮಾನ್: ಬಾಯ್ ವಾರಿಯರ್’, ಕಬಡ್ಡಿ ಮತ್ತು ಚಿನ್ನಿದಾಂಡಿನಂಥ ಆಟಗಳನ್ನು ಒಳಗೊಂಡ ‘ದೇಸಿ ಅಡ್ಡಾ’ ಎರಡೂ 2009ರಲ್ಲಿ ಬಂದವು. ‘ಡಾನ್ 2’ ಚಿತ್ರವನ್ನು ಆಧರಿಸಿದ ಆಟ 2013ರಲ್ಲಿ, ಆ ಯಂತ್ರದ ಆಯುಷ್ಯ ಮುಗಿಯುತ್ತಿದ್ದ ಹೊತ್ತಿನಲ್ಲಿ ಬಂತು. ಪ್ಲೇಸ್ಟೇಷನ್ 2 ಜಗತ್ತಿನಾದ್ಯಂತ 15 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರವಾದರೂ, ಈ ಡಿಸ್ಕ್‌ಗಳನ್ನು ತಂದದ್ದು ಮುಖ್ಯವಾಗಿ ನಮ್ಮ ಮಾರುಕಟ್ಟೆಗಾಗಿ. ಬೆಲೆ ಏರಿಯೇ ತೀರುತ್ತದೆ ಎಂದು ಯಾರೂ ಮಾತು ಕೊಡಲಾರರು. ಆದರೆ ನೆನಪಿನ ಬೆಲೆಯೂ ಅಪರೂಪವೂ ನಮ್ಮ ನೆಲದಲ್ಲಿ ಒಟ್ಟಿಗೆ ಸಿಗುವ ಜಾಗ ಇದು, ಮತ್ತು ಪೆಟ್ಟಿಗೆ, ಕೈಪಿಡಿ ಸಮೇತ ಇರುವ ಪ್ರತಿಗಳು ಇನ್ನೂ ಎಟಕುತ್ತವೆ.

ಮೂರನೆಯ ಹಂತ: ಮಾರುಕಟ್ಟೆ ಬೆಲೆಯನ್ನು ಸರಿಯಾಗಿ ಓದಿ

ಸಂಗ್ರಾಹಕರು ಸ್ಥಿತಿಯನ್ನು ಮೂರು ಮಾತಿನಲ್ಲಿ ಹೇಳುತ್ತಾರೆ. ಬಿಡಿ ಕ್ಯಾಸೆಟ್ ಅಥವಾ ಡಿಸ್ಕ್ ಮಾತ್ರ ಇದ್ದರೆ ಲೂಸ್. ಪೆಟ್ಟಿಗೆ, ಕೈಪಿಡಿ, ಒಳಗಿನ ಕಾಗದಗಳೆಲ್ಲ ಇದ್ದರೆ ಸಿಐಬಿ. ಕಾರ್ಖಾನೆಯ ಪ್ಲಾಸ್ಟಿಕ್ ಹೊದಿಕೆ ಹರಿಯದೇ ಇದ್ದರೆ ಸೀಲ್ಡ್. ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತಿದ್ದ ಆಟಗಳಲ್ಲಿ ಖಾಲಿ ಪೆಟ್ಟಿಗೆಗೇ ಕ್ಯಾಸೆಟ್ಟಿಗಿಂತ ಹೆಚ್ಚು ಬೆಲೆ ಬರುವುದುಂಟು, ಏಕೆಂದರೆ ಮಕ್ಕಳು ಮೊದಲು ಹರಿದು ಎಸೆದದ್ದು ಅದನ್ನೇ. ಹಳೆಯ ಮನೆಯನ್ನು ಖಾಲಿ ಮಾಡುವಾಗ ಖಾಲಿ ಪೆಟ್ಟಿಗೆ, ತೆಳುವಾದ ಕೈಪಿಡಿ, ವಾರಂಟಿ ಚೀಟಿ, ಪೋಸ್ಟರು ಇವುಗಳನ್ನು ರದ್ದಿಯ ರಾಶಿಯಿಂದ ಮೊದಲು ಬೇರ್ಪಡಿಸಿ.

ಬೆಲೆ ಹುಡುಕುವಾಗ ಕೇಳುತ್ತಿರುವ ಬೆಲೆಯನ್ನು ನೋಡದೆ ಮಾರಾಟವಾದ ಬೆಲೆಯನ್ನು ನೋಡಬೇಕು. ಇಬೇ ತಾಣದಲ್ಲಿ ಮುಗಿದ ಮಾರಾಟಗಳನ್ನು ಮಾತ್ರ ತೋರಿಸುವ ಆಯ್ಕೆಯಿದೆ. ಪ್ರೈಸ್‌ಚಾರ್ಟಿಂಗ್ ತಾಣ ಅಂಥ ಮಾರಾಟಗಳನ್ನು ಕ್ರೋಡೀಕರಿಸಿ ಸ್ಥಿತಿವಾರು ಬೆಲೆ ಕೊಡುತ್ತದೆ. ಒಂದೇ ಒಂದು ದೊಡ್ಡ ಮಾರಾಟವನ್ನು ನಂಬದೆ ಇತ್ತೀಚಿನ ಹಲವು ಮಾರಾಟಗಳ ನಡುವಿನ ಬೆಲೆಯನ್ನು ಹಿಡಿಯಿರಿ. ಅಲ್ಲಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಇಲ್ಲಿಯೂ ಅಷ್ಟೇ ಸಿಗುತ್ತದೆ ಎಂದುಕೊಳ್ಳುವುದು ಸರಿಯಲ್ಲ. ಇಲ್ಲಿ ಕೊಳ್ಳುವವರು ಕಡಿಮೆ. ಹೊರಗಿನಿಂದ ತರಿಸುವುದಾದರೆ ಸಾಗಣೆ ವೆಚ್ಚವೂ ಕಸ್ಟಮ್ಸ್ ಸುಂಕವೂ ಸೇರುತ್ತವೆ.

ಶ್ರೇಣೀಕರಣದ ಬಗ್ಗೆ ನನ್ನ ನಿಲುವು ಸ್ಪಷ್ಟವಾಗಿದೆ. ವಾಟಾದಂಥ ಕಂಪನಿಗಳು ಆಟವನ್ನು ಪರೀಕ್ಷಿಸಿ, ಹತ್ತರ ಮಾಪಕದಲ್ಲಿ ಅಂಕ ಕೊಟ್ಟು, ಗಟ್ಟಿ ಅಕ್ರಿಲಿಕ್ ಡಬ್ಬದಲ್ಲಿ ಮುಚ್ಚಿ ಕಳಿಸುತ್ತವೆ. 2021ರ ದಾಖಲೆ ಬೆಲೆಗಳೆಲ್ಲ ಹೀಗೆ ಅಂಕ ಪಡೆದ ಪ್ರತಿಗಳಿಗೆ ಬಂದವು. ಬೆಲೆಗಳನ್ನು ಕೃತಕವಾಗಿ ಏರಿಸಲಾಯಿತು ಎಂಬ ಆರೋಪದ ಮೇಲೆ 2022ರಲ್ಲಿ ಅಮೆರಿಕದಲ್ಲಿ ವಾಟಾ ವಿರುದ್ಧ ಮೊಕದ್ದಮೆಯೂ ಹೂಡಲ್ಪಟ್ಟಿತು. ಡಬ್ಬದೊಳಗೆ ಹೋದ ಆಟವನ್ನು ಮತ್ತೆ ಆಡಲಾಗುವುದಿಲ್ಲ. ಸೀಲ್ ಒಡೆಯದ, ನಿಜಕ್ಕೂ ಅಪರೂಪದ ಪ್ರತಿ ಕೈಯಲ್ಲಿದ್ದು ಅದನ್ನು ಮಾರುವ ಉದ್ದೇಶವಿದ್ದರೆ ಮಾತ್ರ ಈ ಖರ್ಚಿಗೆ ಅರ್ಥವಿದೆ.

ನಾಲ್ಕನೆಯ ಹಂತ: ಅಸಲಿ, ನಕಲಿ ಪರೀಕ್ಷೆ

ಅತಿ ಹೆಚ್ಚು ನಕಲಿಗಳಿರುವುದು ಕೈಯಲ್ಲಿ ಹಿಡಿದು ಆಡುವ ನಿಂಟೆಂಡೋದ ಗೇಮ್ ಬಾಯ್ ಮತ್ತು ಗೇಮ್ ಬಾಯ್ ಅಡ್ವಾನ್ಸ್ ಯಂತ್ರಗಳ ಪೋಕೆಮಾನ್ ಕ್ಯಾಸೆಟ್‌ಗಳಲ್ಲಿ. ಕ್ಯಾಸೆಟ್ಟನ್ನು ಬೆಳಕಿಗೆ ಓರೆಯಾಗಿ ಹಿಡಿದು ಮುಂಭಾಗದ ಲೇಬಲ್ ನೋಡಿ: ಅಸಲಿಯಲ್ಲಿ ಕಾಗದದೊಳಕ್ಕೆ ಒತ್ತಿದ, ಶಾಯಿಯಿಲ್ಲದ ಪುಟ್ಟ ಅಂಕಿಗಳ ಗುರುತು ಸಾಮಾನ್ಯವಾಗಿ ಕಾಣುತ್ತದೆ. ಲೇಬಲ್ಲಿನ ಅಂಚು ಪ್ಲಾಸ್ಟಿಕ್ಕಿನ ತಗ್ಗಿನಲ್ಲಿ ಸರಿಯಾಗಿ ಕೂತಿರುತ್ತದೆ, ಅಕ್ಷರಗಳು ಚೂಪಾಗಿರುತ್ತವೆ. ನಕಲಿಯಲ್ಲಿ ಚಿತ್ರ ತುಸು ಮಸುಕು, ಬಣ್ಣ ತುಸು ಹೆಚ್ಚು, ಪ್ಲಾಸ್ಟಿಕ್ ಹಗುರ. ಅಡ್ವಾನ್ಸ್ ಕ್ಯಾಸೆಟ್ಟಿನ ಕೆಳಗಿನ ಸಂಪರ್ಕ ಪಟ್ಟಿಯ ಮೇಲ್ಬದಿಯಲ್ಲಿ, ಬಿಚ್ಚದೆಯೇ, ಬೋರ್ಡಿನ ಮೇಲೆ ಮುದ್ರಿಸಿದ ನಿಂಟೆಂಡೋ ಹೆಸರು ಕಾಣಬೇಕು.

ಅನುಮಾನ ಉಳಿದರೆ ಬಿಚ್ಚಿ ನೋಡುವುದೇ ಸರಿ. ಬಹುತೇಕ ನಿಂಟೆಂಡೋ ಕ್ಯಾಸೆಟ್‌ಗಳ ಸ್ಕ್ರೂಗಳಿಗೆ ಮಾಮೂಲಿ ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. ಎನ್‌ಇಎಸ್, ಗೇಮ್ ಬಾಯ್ ಕ್ಯಾಸೆಟ್‌ಗಳಿಗೆ 3.8 ಮಿ.ಮೀ. ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂಡ್ರೈವರ್ ಬೇಕು, ಅಡ್ವಾನ್ಸ್ ಕ್ಯಾಸೆಟ್ಟಿಗೆ ಮೂರು ರೆಕ್ಕೆಯ ಟ್ರೈವಿಂಗ್ ಬೇಕು. ಫ್ಯಾಮಿಕಾಮ್ ಕ್ಯಾಸೆಟ್‌ಗಳು ಬಹುತೇಕ ಕ್ಲಿಪ್ಪಿನಿಂದ ಕೂಡಿಕೊಂಡಿರುವುದರಿಂದ ಬಲವಂತ ಮಾಡಿದರೆ ಅಂಚು ಮುರಿಯುತ್ತದೆ. ಒಳಗೆ ಹಸಿರು ಬೋರ್ಡಿನ ಮೇಲೆ ಕಾಲುಗಳಿರುವ, ಸಂಖ್ಯೆ ಮುದ್ರಿಸಿದ ಚಿಪ್‌ಗಳಿದ್ದರೆ ಒಳ್ಳೆಯ ಲಕ್ಷಣ. ಚಿಪ್ಪಿನ ಜಾಗದಲ್ಲಿ ಎಪಾಕ್ಸಿ ಎಂಬ ಗಟ್ಟಿ ಅಂಟಿನ ದುಂಡಗಿನ ಕಪ್ಪು ಉಂಡೆ ಇದ್ದರೆ ಬಹುಪಾಲು ನಕಲಿ ಎಂದೇ ತಿಳಿಯಬೇಕು; ಅಪವಾದವಾಗಿ ಕೆಲವು ಅಸಲಿ ಫ್ಯಾಮಿಕಾಮ್ ಕ್ಯಾಸೆಟ್‌ಗಳಲ್ಲೂ ಅಂಥ ಉಂಡೆ ಇರುತ್ತದೆ. ಮಾರುವವರು ಬೋರ್ಡಿನ ಫೋಟೋ ಕೊಡಲು ಒಪ್ಪದಿದ್ದರೆ ಅಸಲಿಯ ಬೆಲೆ ಕೊಡಬೇಡಿ. ನಮ್ಮ ತೊಂಬತ್ತರ ದಶಕದ ಮಲ್ಟಿ ಗೇಮ್ ಕ್ಯಾಸೆಟ್‌ಗಳಿಗೆ ಈ ಪರೀಕ್ಷೆ ಅನ್ವಯಿಸದು. ಅವು ಹುಟ್ಟಿದ್ದೇ ಹಾಗೆ. ಅಲ್ಲಿ ನೋಡಬೇಕಾದದ್ದು ಅದು ಆ ಕಾಲದ್ದೇ, ಇಲ್ಲವೇ ಇತ್ತೀಚೆಗೆ ತಯಾರಾದದ್ದೇ ಎಂಬುದನ್ನು. ಲೇಬಲ್ಲಿನ ಮಾಸಿದ ಬಣ್ಣ, ಸಂಪರ್ಕ ಪಟ್ಟಿಯ ಮೇಲಿನ ಉದ್ದುದ್ದ ಸವೆತದ ಗೆರೆಗಳು ವಯಸ್ಸನ್ನು ಹೇಳುತ್ತವೆ.

ಐದನೆಯ ಹಂತ: ಕೊಳ್ಳುವ ಜಾಗ

ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ ಮತ್ತು ಸಂಡೇ ಬಜಾರ್ ಸುತ್ತಿದರೆ ಹಳೆಯ ಯಂತ್ರಗಳು, ಅದಕ್ಕಿಂತ ಮುಖ್ಯವಾಗಿ ಅಡಾಪ್ಟರ್, ವೈರು, ಕಂಟ್ರೋಲರ್‌ನಂಥ ಬಿಡಿಭಾಗಗಳು ಸಿಗುವ ಸಾಧ್ಯತೆಯಿದೆ. ಸಣ್ಣ ಊರುಗಳಲ್ಲಿ ಹಳೆಯ ಟಿವಿ ರಿಪೇರಿ ಅಂಗಡಿಗಳನ್ನು ಕೇಳಿ. ಗಿರಾಕಿಗಳು ಬಿಟ್ಟುಹೋದ ಯಂತ್ರಗಳು ಅಲ್ಲಿನ ಕಪಾಟಿನಲ್ಲಿ ಉಳಿದಿರುತ್ತವೆ. ಆನ್‌ಲೈನ್ ಮೂಲಕ ಕೊಳ್ಳುವುದಾದರೆ ಯಂತ್ರ ಓಡುತ್ತಿರುವ ವಿಡಿಯೋವನ್ನು, ಅದರಲ್ಲಿ ಆ ದಿನದ ತಾರೀಖು ಬರೆದ ಚೀಟಿ ಕಾಣುವಂತೆ, ಕೇಳಿ ಪಡೆಯಿರಿ.

ಆರನೆಯ ಹಂತ: ಶುಚಿ ಮಾಡುವುದು, ರಿಪೇರಿ

ಕ್ಯಾಸೆಟ್ ಓಡದಿದ್ದರೆ ಊದುವುದು ನಮ್ಮೆಲ್ಲರ ಬಾಲ್ಯದ ಚಿಕಿತ್ಸೆ. ಊದಿದ ಮೇಲೆ ಓಡುತ್ತಿದ್ದದ್ದು ಉಸಿರಿನಿಂದಲ್ಲ, ಕ್ಯಾಸೆಟ್ಟನ್ನು ತೆಗೆದು ಮತ್ತೆ ಹಾಕಿದಾಗ ಪಿನ್‌ಗಳು ಹೊಸದಾಗಿ ಕೂತುಕೊಳ್ಳುತ್ತಿದ್ದುದರಿಂದ. ಉಸಿರಿನ ತೇವ ಲೋಹವನ್ನು ನಿಧಾನವಾಗಿ ತಿನ್ನುತ್ತದೆ.

ಸರಿಯಾದ ಕ್ರಮ ಇಷ್ಟೆ. ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿ ಸುತ್ತಿದ ಕಡ್ಡಿಗಳನ್ನು ತನ್ನಿ. ಕಡ್ಡಿಯನ್ನು ಅದ್ದಿ, ತೊಟ್ಟಿಕ್ಕದಂತೆ ಹಿಂಡಿ, ಪಿನ್ನಿನ ಉದ್ದಕ್ಕೆ ಮೇಲಿನಿಂದ ಕೆಳಕ್ಕೆ ಒರೆಸಿ. ಅಡ್ಡಕ್ಕೆ ಉಜ್ಜಿದರೆ ಕೊಳೆ ಪಕ್ಕದ ಸಂದಿಗೆ ಸೇರುತ್ತದೆ. ಮೊದಲ ಕಡ್ಡಿ ಕಪ್ಪಾಗಿ, ಕೆಲವೊಮ್ಮೆ ತುಸು ಹಸಿರಾಗಿ ಬರುತ್ತದೆ. ಕಡ್ಡಿ ಬಿಳಿಯಾಗಿಯೇ ಹೊರಬರುವ ತನಕ ಬದಲಾಯಿಸುತ್ತ ಎರಡೂ ಬದಿ ಒರೆಸಿ, ಬಳಿಕ ಹದಿನೈದು ನಿಮಿಷ ಒಣಗಲು ಬಿಡಿ. ಮರಳುಕಾಗದ, ಬ್ರಾಸೋ, ಗಡುಸಾದ ರಬ್ಬರ್ ಪಿನ್ನಿನ ಮೇಲಿನ ತೆಳುವಾದ ಚಿನ್ನದ ಲೇಪವನ್ನೇ ಕೆರೆದುಹಾಕುತ್ತವೆ. ಅವುಗಳ ಗೋಜಿಗೆ ಹೋಗಬೇಡಿ. ಯಂತ್ರದ ಒಳಗಿನ ಸಂಪರ್ಕವನ್ನು ಶುಚಿ ಮಾಡಲು ಗಟ್ಟಿ ರಟ್ಟಿಗೆ ತೆಳು ಹತ್ತಿಬಟ್ಟೆ ಸುತ್ತಿ, ಆಲ್ಕೋಹಾಲ್ ತಾಗಿಸಿ, ಕ್ಯಾಸೆಟ್ಟಿನಂತೆಯೇ ಹಾಕಿ ತೆಗೆಯಿರಿ. ಈ ಕೆಲಸದಲ್ಲಿ ಯಂತ್ರಕ್ಕೆ ವಿದ್ಯುತ್ ಇರಕೂಡದು.

ಸೇವ್ ಇರುವ ಆಟಗಳ ವಿಷಯ ತುರ್ತಿನದು. ಹಳೆಯ ಝೆಲ್ಡಾ, ಪೋಕೆಮಾನ್ ಕ್ಯಾಸೆಟ್‌ಗಳಲ್ಲಿ ಆಟದ ಪ್ರಗತಿ ಉಳಿಯುವುದು ಒಳಗಿನ ನಾಣ್ಯಾಕಾರದ 3 ವೋಲ್ಟ್ ಲಿಥಿಯಂ ಬ್ಯಾಟರಿಯ ಬಲದಿಂದ. ಅದು ಬರಿದಾದರೆ ಸೇವ್ ಅಳಿಸಿಹೋಗುತ್ತದೆ. 1999ರಲ್ಲಿ ಜಪಾನಿನಲ್ಲಿ ಬಂದ ಪೋಕೆಮಾನ್ ಗೋಲ್ಡ್, ಸಿಲ್ವರ್ ಕ್ಯಾಸೆಟ್‌ಗಳಲ್ಲಿ ಗಡಿಯಾರವೂ ಅದೇ ಬ್ಯಾಟರಿಯಿಂದ ಓಡುವುದರಿಂದ ಅವು ಬೇಗ ಬರಿದಾಗುತ್ತವೆ. ಬಾಲ್ಯದ ಸೇವ್ ಇನ್ನೂ ಉಳಿದಿದ್ದರೆ, ಅಂದು ಇಟ್ಟ ಹೆಸರು, ಅಂದು ಸಾಕಿದ ಪೋಕೆಮಾನ್ ಎಲ್ಲ ಅದರಲ್ಲಿರುತ್ತವೆ. ಮಾರುಕಟ್ಟೆ ಅದಕ್ಕೆ ಒಂದು ಕಾಸೂ ಕೊಡುವುದಿಲ್ಲ, ಆದರೆ ನೆನಪಿನ ಲೆಕ್ಕದಲ್ಲಿ ಇಡೀ ಸಂಗ್ರಹದ ಅತ್ಯಮೂಲ್ಯ ವಸ್ತು ಅದೇ. ಆದ್ದರಿಂದ ಬೇರೆ ಏನನ್ನೂ ಮಾಡುವ ಮೊದಲು, ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ ಕಾರ್ಟ್ರಿಡ್ಜ್ ರೀಡರಿನಿಂದ ಸೇವ್ ಫೈಲನ್ನು ನಕಲು ಮಾಡಿಟ್ಟುಕೊಳ್ಳಿ. ಆಮೇಲೆ ಬ್ಯಾಟರಿ ಬದಲಿಸಿ. ಹಳೆಯದರ ಮೇಲಿರುವ ಸಿಆರ್ 1616, 2025 ಅಥವಾ 2032 ಎಂಬ ಸಂಖ್ಯೆಯನ್ನೇ ಹುಡುಕಿ, ಲೋಹದ ಪಟ್ಟಿ ಮೊದಲೇ ಬೆಸೆದಿರುವ ಬಗೆಯದನ್ನು ಕೊಂಡು, ಧನ ಋಣ ಬದಿಗಳನ್ನು ನೋಡಿಕೊಂಡು ಬೆಸುಗೆ ಹಾಕಿ. ಬ್ಯಾಟರಿಯ ಮೈಗೇ ನೇರವಾಗಿ ಬೆಸುಗೆ ಕಡ್ಡಿ ತಾಗಿಸಿದರೆ ಅದು ಸಿಡಿಯಬಹುದು. ಬೆಸುಗೆಯ ಅಭ್ಯಾಸವಿಲ್ಲದವರು ಒಳ್ಳೆಯ ಮೊಬೈಲ್ ರಿಪೇರಿಯವರಿಂದ ಮಾಡಿಸಿಕೊಳ್ಳುವುದೇ ಲೇಸು.

ಕೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲಿ ಸೆಲ್ ಸೋರಿ ಸ್ಪ್ರಿಂಗ್ ಕೆಟ್ಟಿರುವುದು ಸಾಮಾನ್ಯ. ಸೋರಿದ್ದು ಆಲ್ಕಲೈನ್ ಸೆಲ್ ಆದರೆ ಆ ಬಿಳಿ ಪುಡಿ ಕ್ಷಾರ. ಹತ್ತಿಗೆ ತುಸು ವಿನೆಗರ್ ಹಚ್ಚಿ ಒರೆಸಿದರೆ ಶಮನವಾಗುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದ್ದ ಅಗ್ಗದ ಜಿಂಕ್ ಕಾರ್ಬನ್ ಸೆಲ್ಲಿನ ಸೋರಿಕೆ ಆಮ್ಲೀಯ. ಅದಕ್ಕೆ ವಿನೆಗರ್ ಬೇಡ, ಅಡುಗೆ ಸೋಡಾದ ತೆಳು ಲೇಪ ಸರಿ. ಎರಡರಲ್ಲೂ ಕೊನೆಗೆ ಆಲ್ಕೋಹಾಲಿನಿಂದ ಒರೆಸಿ ಪೂರ್ತಿ ಒಣಗಿಸಬೇಕು.

ಡಿಸ್ಕ್‌ಗಳಲ್ಲಿ ಜನ ಹೆದರುವುದು ಕೆಳಬದಿಯ ಗೀರುಗಳಿಗೆ. ಆದರೆ ಪ್ಲೇಸ್ಟೇಷನ್ 1ರ ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಲೇಬಲ್ ಬದಿಗೆ ಅಂಟಿಕೊಂಡು, ತೆಳುವಾದ ಲೇಪದ ಅಡಿಯಲ್ಲಿ. ಕೆಳಬದಿಯ ಸಣ್ಣ ಗೀರನ್ನು ಪಾಲಿಶ್ ಮಾಡಿ ತೆಗೆಯಬಹುದು. ಮೇಲ್ಬದಿಯಲ್ಲಿ ಆಳವಾದ ಗೀರು ಬಿದ್ದರೆ ಮಾಹಿತಿಯೇ ಹೋಯಿತು. ಕೊಳ್ಳುವಾಗ ಡಿಸ್ಕನ್ನು ದೀಪಕ್ಕೆ ಅಡ್ಡ ಹಿಡಿದು ಸೂಜಿಮೊನೆಯಷ್ಟು ಬೆಳಕಿನ ಚುಕ್ಕಿಗಳು ಕಾಣುತ್ತವೆಯೇ ನೋಡಿ; ಕಂಡರೆ ಅಲ್ಲಿ ಆ ಪದರ ಹೋಗಿದೆ ಎಂದರ್ಥ. ಒರೆಸುವಾಗ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಿ, ದುಂಡಗೆ ಬೇಡ.

ಹಳದಿಯಾದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬೆಳಕಿಗಿಟ್ಟು ಬಿಳಿ ಮಾಡುವ ವಿಧಾನ ಜನಪ್ರಿಯವಾಗಿದೆ. ನಾನು ಅದನ್ನು ಸೂಚಿಸುವುದಿಲ್ಲ. ಬಣ್ಣ ಸಮನಾಗಿ ಬರದೆ ಪಟ್ಟೆ ಪಟ್ಟೆಯಾಗಬಹುದು, ಕೆಲವು ವರ್ಷಗಳಲ್ಲಿ ಹಳದಿ ಮರಳಬಹುದು.

ಏಳನೆಯ ಹಂತ: ವಿದ್ಯುತ್ತು ಮತ್ತು ಟಿವಿ

ಹಳೆಯ ಯಂತ್ರವನ್ನು ಗೋಡೆಯ ಪ್ಲಗ್ಗಿಗೆ ಹಾಕುವ ಮೊದಲು ಅಡಾಪ್ಟರ್ ಓದಿ. ಜಪಾನಿನ ಅಡಾಪ್ಟರ್ 100 ವೋಲ್ಟಿನದು, ಅಮೆರಿಕದ್ದು 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತವೆ. ಅಮೆರಿಕದ ಎನ್‌ಇಎಸ್ ಅಡಾಪ್ಟರ್ ಹೊರಬಿಡುವುದು 9 ವೋಲ್ಟ್ ಎಸಿ ವಿದ್ಯುತ್ತು. ಪ್ಲಗ್ ಕೂಡುತ್ತದೆಂದು ಅದನ್ನು ಡಿಸಿ ಬೇಡುವ ಬೇರೆ ಯಂತ್ರಕ್ಕೆ ಸಿಕ್ಕಿಸಿದರೆ ಯಂತ್ರ ಹಾಳಾಗುತ್ತದೆ. ಫ್ಯಾಮಿಕಾಮ್ 10 ವೋಲ್ಟ್ ಡಿಸಿ ಬೇಡುತ್ತದೆ, ಪ್ಲಗ್ಗಿನ ನಡುಭಾಗ ಋಣ. ತದ್ರೂಪು ಯಂತ್ರಗಳಲ್ಲಿ ಧ್ರುವ ಒಂದೊಂದರಲ್ಲಿ ಒಂದೊಂದು ಬಗೆ, ಆದ್ದರಿಂದ ಯಂತ್ರದ ಬೆನ್ನಿನ ಚಿತ್ರವನ್ನು ನೋಡಿ, ಅಡಾಪ್ಟರನ್ನು ಮಲ್ಟಿಮೀಟರಿನಲ್ಲಿ ಅಳೆದು ನಂತರವೇ ಜೋಡಿಸಿ.

ಇಂದಿನ ಟಿವಿಗೆ ಹಳದಿ, ಬಿಳಿ ಎವಿ ಪಿನ್ ಇಲ್ಲದಿದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬ ಸಾಕಾಗುತ್ತದೆ. ಅದು ಬಂದೂಕಿನ ಆಟಕ್ಕೆ ಆಗುವುದಿಲ್ಲ. ‘ಡಕ್ ಹಂಟ್’ ಆಟದಲ್ಲಿ ಬಂದೂಕಿನ ಕುದುರೆ (ಟ್ರಿಗರ್) ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿಂಚುತ್ತದೆ. ಬಂದೂಕಿನ ತುದಿಯ ಬೆಳಕಿನ ಸಂವೇದಕ ಆ ಚೌಕವನ್ನು ಕಂಡರೆ ಗುಂಡು ತಾಗಿದಂತೆ ಲೆಕ್ಕ. ದಪ್ಪ ಕೊಳವೆಯ ಸಿಆರ್‌ಟಿ ಟಿವಿ ಆ ಚೌಕವನ್ನು ತಡವಿಲ್ಲದೆ ತೋರಿಸುತ್ತದೆ. ಎಲ್‌ಸಿಡಿ ಟಿವಿ ಚಿತ್ರವನ್ನು ಸಂಸ್ಕರಿಸಿ ತೋರಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಓಡುವ ಸ್ಥಿತಿಯ ಸಣ್ಣ ಸಿಆರ್‌ಟಿ ಟಿವಿ ಎಲ್ಲಿಯಾದರೂ ಸಿಕ್ಕಿದರೆ ಬಿಡಬೇಡಿ. ಅದರ ಹಿಂಬದಿಯನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಸ್ವಿಚ್ ಆರಿಸಿದ ಮೇಲೂ ಒಳಗೆ ಪ್ರಾಣಾಪಾಯದಷ್ಟು ವಿದ್ಯುತ್ತು ಉಳಿದಿರಬಹುದು.

ಎಂಟನೆಯ ಹಂತ: ಮಳೆಗಾಲ ದಾಟಿಸುವುದು

ಕರಾವಳಿ ಮತ್ತು ಮಲೆನಾಡಿನಲ್ಲಿ ಸಂಗ್ರಹದ ಮೊದಲ ಶತ್ರು ತೇವ. ಲೇಬಲ್ಲಿಗೆ ಬೂಸು ಹಿಡಿಯುತ್ತದೆ, ರಟ್ಟು ಮೆತ್ತಗಾಗುತ್ತದೆ, ಪಿನ್ ಕಪ್ಪಾಗುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲಗಳನ್ನೂ ಒಂದು ಅಗ್ಗದ ಆರ್ದ್ರತಾ ಮಾಪಕವನ್ನೂ ಇಟ್ಟು, ಓದು ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಬಣ್ಣ ಬದಲಿಸಿದ ಸಿಲಿಕಾವನ್ನು ಬಿಸಿ ಮಾಡಿ ಮತ್ತೆ ಬಳಸಬಹುದು. ಬಟ್ಟೆಯ ಕಪಾಟಿನಂತೆ ಇಲ್ಲಿಯೂ ನ್ಯಾಫ್ತಲೀನ್ ಗುಳಿಗೆ ಹಾಕುವುದು ಕೂಡದು. ಅದರ ಆವಿಗೆ ಕೆಲವು ಬಗೆಯ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಜಿರಳೆ ಮತ್ತು ಬೆಳ್ಳಿಹುಳಗಳು ಲೇಬಲ್ಲಿನ ಅಂಟನ್ನೂ ಕಾಗದವನ್ನೂ ತಿನ್ನುತ್ತವೆ, ಹಾಗಾಗಿ ಅಡುಗೆಮನೆಯ ಅಟ್ಟ ಸೂಕ್ತವಲ್ಲ. ರಬ್ಬರ್ ಬ್ಯಾಂಡ್ ಬೇಡ; ಪಿವಿಸಿ ಹೊದಿಕೆಯ ಬದಲು ಪಾಲಿಪ್ರೊಪಿಲೀನ್ ಹೊದಿಕೆ ಬಳಸಿ. ವೈರುಗಳನ್ನು ಯಂತ್ರದ ಸುತ್ತ ಬಿಗಿಯಾಗಿ ಸುತ್ತದೆ ಸಡಿಲವಾದ ಸುರುಳಿ ಮಾಡಿಡಿ. ಆಡದ ಯಂತ್ರದಲ್ಲಿ ಸೆಲ್ ಬಿಡಬೇಡಿ.

ಒಂಬತ್ತನೆಯ ಹಂತ: ದಾಖಲೆ ಮತ್ತು ಮಾರಾಟ

ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಅಧಿಕೃತವಾಗಿ ಕೊಳ್ಳಲು ಸಿಗುವುದಿಲ್ಲ. ಅಲ್ಲಿಯೇ ಈ ಸ್ಥಿತಿಯಾದರೆ, ರಸೀದಿ ಇಲ್ಲದೆ ಮಾರಾಟವಾದ ನಮ್ಮ ಕ್ಯಾಸೆಟ್‌ಗಳ ಚರಿತ್ರೆಗೆ ಸಂಗ್ರಾಹಕರ ಟಿಪ್ಪಣಿಗಳೇ ಆಧಾರ. ಪ್ರತಿ ವಸ್ತುವಿನ ಮುಂದೆ, ಹಿಂದೆ, ಬೋರ್ಡು ಮೂರರ ಫೋಟೋ ತೆಗೆಯಿರಿ. ಮಲ್ಟಿ ಗೇಮ್ ಕ್ಯಾಸೆಟ್ ಆದರೆ ಮೆನು ಪರದೆಯದೂ ಬೇಕು. ಒಂದು ಪಟ್ಟಿಯಲ್ಲಿ ಹೆಸರು, ಬೋರ್ಡಿನ ಸಂಖ್ಯೆ, ಸ್ಥಿತಿ, ಕೊಂಡ ಬೆಲೆ, ಇಂದಿನ ಬೆಲೆ ಬರೆದ ಮೇಲೆ ಇನ್ನೊಂದು ಅಂಕಣ ಸೇರಿಸಿ: ಯಾವ ಊರಿನ ಯಾವ ಅಂಗಡಿಯಿಂದ, ಯಾರು, ಯಾವ ಸಂದರ್ಭಕ್ಕೆ ತಂದದ್ದು, ಯಾರ ಜೊತೆ ಆಡಿದ್ದು. ಮನೆಯ ಹಿರಿಯರನ್ನು ಕೇಳಿ ಈ ಅಂಕಣವನ್ನು ಈಗಲೇ ತುಂಬಿಸುವುದು ಒಳ್ಳೆಯದು.

ಮಾರುವಾಗ ಈ ಎರಡು ಅಂಕಣಗಳನ್ನು ಎದುರುಬದುರು ಇಟ್ಟು ನೋಡಿ. ಇಂದಿನ ಬೆಲೆ ಹೆಚ್ಚಿದ್ದು ನೆನಪಿನ ಅಂಕಣ ಖಾಲಿಯಿದ್ದರೆ ಮಾರಲು ಯೋಗ್ಯ; ಬೆಲೆ ಕಡಿಮೆಯಿದ್ದು ನೆನಪಿನ ಅಂಕಣ ತುಂಬಿದ್ದರೆ ಆ ಪುಡಿಗಾಸಿಗೆ ಕೊಡಬೇಡಿ. ಎರಡೂ ತುಂಬಿರುವ ವಸ್ತುವಿನ ಬಗ್ಗೆ ಮನೆಯವರೊಂದಿಗೆ ಮಾತಾಡಿಯೇ ತೀರ್ಮಾನಿಸಿ. ಜಾಹೀರಾತಿನಲ್ಲಿ ದೋಷಗಳ ಫೋಟೋವನ್ನು ಮೊದಲು ಹಾಕಿ, ಬದಲಿಸಿದ ಬ್ಯಾಟರಿ, ಹಾಕಿದ ಬೆಸುಗೆ ಎಲ್ಲವನ್ನೂ ಬರೆಯಿರಿ. ಪಾರ್ಸೆಲ್ ಮಾಡುವಾಗ ಕ್ಯಾಸೆಟ್ಟನ್ನು ಯಂತ್ರದೊಳಗೆ ಬಿಡದೆ ಹೊರತೆಗೆದು, ರಟ್ಟಿನ ಪೆಟ್ಟಿಗೆಯ ಆಟವನ್ನು ಗಟ್ಟಿ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು, ಬಬಲ್ ಹಾಳೆ ಸುತ್ತಿ, ಎರಡು ಪೆಟ್ಟಿಗೆಗಳ ನಡುವೆ ನಾಲ್ಕು ಬೆರಳಿನಷ್ಟು ಮೆತ್ತೆ ತುಂಬಿ ಕಳಿಸಬೇಕು.